ಭಾವನ ಗಾಡಿ ಎಷ್ಟು ವೇಗದಲ್ಲಿತ್ತು

ನಮ್ಮ ಭಾವನಿಗೆ ಮಾರುಕಟ್ಟೆ ಬೀದಿಯಲ್ಲಿ ಆಮೆ ಅಂತ ಹೆಸರು. ಐಸ್ ಕಾರ್ಖಾನೆಯ ಗಾಡಿ ಓಡಿಸುತ್ತಿದ್ದರು. ಕರಗುವ ಸರಕು ಹೊತ್ತವನು ಓಡಬೇಕಲ್ಲ, ಇವರೇನು ಹೀಗೆ ಅಂತ ಯಾರಿಗಾದರೂ ಅನ್ನಿಸಬೇಕು. ಆದರೆ ಅವರ ನಡಿಗೆ, ಊಟ, ಮಾತು ಎಲ್ಲವೂ ಅದೇ ಹದ. ಅಕ್ಕ ಮದುವೆಯಾದ ಹೊಸತರಲ್ಲೇ ಹೇಳಿದ್ದಳು: "ಇವರ ಗಾಡಿಗೆ ಹಾಕಿದ ಐಸು ಕರಗಿ ನೀರಾಗಿ, ಆವಿಯಾಗಿ, ಮೋಡವಾಗಿ, ಮಳೆಯಾಗಿ ಇವರಿಗಿಂತ ಮುಂಚೆ ಅಂಗಡಿಗೆ ಹೋಗಿ ಬಿದ್ದಿರುತ್ತೆ." ಭಾವ ಅದಕ್ಕೂ ನಿಧಾನವಾಗಿಯೇ ನಕ್ಕಿದ್ದರು.

ಗಾಡಿಯ ಸ್ಪೀಡ್ ತೋರಿಸುವ ಮುಳ್ಳು ಕೆಟ್ಟು ಎಷ್ಟೋ ಕಾಲವಾಗಿತ್ತು. ಅದು ಸೊನ್ನೆಯ ಮೇಲೆ ಮಲಗಿದ್ದು ಏಳಲೇ ಇಲ್ಲ. ಮಾಲೀಕರಿಗೆ ಒಂದೆರಡು ಸಲ ಹೇಳಿ ಸುಮ್ಮನಾದರು. "ನನಗ್ಯಾಕೆ ಮುಳ್ಳು? ಹಿಂದಿನವರು ಹಾರ್ನ್ ಹೊಡೆದು ಬೈತಿದ್ರೆ ಸರಿಯಾಗಿ ಹೋಗ್ತಾ ಇದ್ದೀನಿ ಅಂತ ಲೆಕ್ಕ," ಅನ್ನುತ್ತಿದ್ದರು. ಈ ಮಾತು ಆಮೇಲೆ ಎಲ್ಲಿ ಹೋಗಿ ಕೂತಿತು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಅಂದು ಮಧ್ಯಾಹ್ನ ಬಿಸಿಲಿತ್ತು. ಮಾರುಕಟ್ಟೆ ಬೀದಿ ಒಂದು ಕಡೆಯಿಂದ ಏರು, ಇನ್ನೊಂದು ಕಡೆಗೆ ಇಳಿಜಾರು. ಭಾವ ಏರಿ ಹೋಗಿ ಮೇಲಿನ ಮೀನಿನ ಅಂಗಡಿಗಳಿಗೆ ಐಸ್ ಇಳಿಸಿ, ಅರ್ಧ ಖಾಲಿಯಾದ ಗಾಡಿ ತಿರುಗಿಸಿಕೊಂಡು ಕೆಳಗೆ ಬರುತ್ತಿದ್ದರು. ಕೆಳಗೆ ಜ್ಯೂಸ್ ಅಂಗಡಿಗೆ ಇನ್ನೊಂದು ಪಾಲು ಕೊಡುವುದಿತ್ತು. ಅದರ ಎದುರಿಗೇ ಕನ್ನಡಕದ ಅಂಗಡಿ. ಅಂಗಡಿಯ ಮುಂದೆ ಒಂದು ಲಾರಿ ನಿಂತಿತ್ತು. ಆ ಲಾರಿಯ ಮೂತಿಯ ಮರೆಯಿಂದ ಕನ್ನಡಕದಂಗಡಿಯವರು ರಸ್ತೆಗೆ ಕಾಲಿಟ್ಟರು. ವಯಸ್ಸಾದವರು. ಯಾವನೋ ಗಿರಾಕಿ ಹಳೆಯ ಕನ್ನಡಕ ಮರೆತು ಜ್ಯೂಸ್ ಕುಡಿಯಲು ದಾಟಿದ್ದನಂತೆ, ಅದನ್ನು ಕೊಟ್ಟು ಬರೋಣ ಅಂತ ಹೊರಟಿದ್ದರು.

ಭಾವ ಬ್ರೇಕ್ ತುಳಿದರು. ಚಕ್ರ ನಿಂತವು, ಗಾಡಿ ನಿಲ್ಲಲಿಲ್ಲ. ಹಾಗೇ ಜಾರಿಕೊಂಡು ಹೋಗಿ ಅವರಿಗೆ ಬಡಿದು, ಇನ್ನೂ ಒಂದಷ್ಟು ದೂರ ಹೋಗಿ ನಿಂತಿತು.

ಭಾವ ಓಡಿಹೋಗಲಿಲ್ಲ. ಅಂಥ ಹೊತ್ತಿನಲ್ಲಿ ಜನ ಏನು ಮಾಡುತ್ತಾರೆ ಅನ್ನುವುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಇಳಿದು ಹೋಗಿ ಐಸಿಗೆ ಹೊದಿಸುವ ಗೋಣಿಚೀಲವನ್ನು ಮಡಚಿ ಅವರ ತಲೆಯಡಿ ಇಟ್ಟರು. ಜ್ಯೂಸ್ ಅಂಗಡಿಯವನು ಆಂಬುಲೆನ್ಸಿಗೆ ಫೋನ್ ಮಾಡಿದ. ಬೀದಿ ತುಂಬ ಜನ ಸೇರಿದರು, ಇಬ್ಬರು ಮೂವರು ಭಾವನ ಕುತ್ತಿಗೆಪಟ್ಟಿ ಹಿಡಿದರು, ಇನ್ನಿಬ್ಬರು ಬಿಡಿಸಿದರು. ಕನ್ನಡಕದಂಗಡಿಯವರಿಗೆ ಎಚ್ಚರವಿತ್ತು. "ಅಂಗಡಿ ಬಾಗಿಲು ತೆಗೆದೇ ಇದೆ," ಅಂದರಂತೆ. ಭಾವ ಹೋಗಿ ಷಟರ್ ಎಳೆದು ಬಂದರು. ಅಷ್ಟರಲ್ಲಿ ಆಂಬುಲೆನ್ಸ್ ಬಂತು. ಮರುದಿನ ಬೆಳಗಿನ ಹೊತ್ತಿಗೆ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

ಅಪಘಾತವಾದ ದಿನವೇ ಸಂಜೆ ನಾನು ಪೊಲೀಸ್ ಠಾಣೆಗೆ ಹೋದಾಗ ಭಾವ ಬೆಂಚಿನ ತುದಿಯಲ್ಲಿ ಕೂತಿದ್ದರು. ಅಂಗಿಯ ತೋಳು ಇನ್ನೂ ಒದ್ದೆ. ನನ್ನನ್ನು ನೋಡಿ, "ನಿಮ್ಮಕ್ಕನಿಗೆ ಊಟ ಮಾಡಿ ಮಲಗೋಕೆ ಹೇಳು," ಅಂದರು. ಅಷ್ಟೇ.

ಜಾಮೀನು ಸಿಕ್ಕಿತು. ಅಜಾಗರೂಕತೆಯಿಂದ, ಅತಿ ವೇಗದಿಂದ ಗಾಡಿ ಓಡಿಸಿ ಸಾವಿಗೆ ಕಾರಣನಾದ ಅಂತ ಕೇಸು. ಲೈಸೆನ್ಸ್ ಠಾಣೆಯಲ್ಲಿ ಉಳಿಯಿತು. ಕಾರ್ಖಾನೆಯ ಮಾಲೀಕರು ಕೆಟ್ಟವರಲ್ಲ, ಕೆಲಸದಿಂದ ತೆಗೆಯಲಿಲ್ಲ. ಗಾಡಿ ಬೇರೆಯವನಿಗೆ ಕೊಟ್ಟು ಭಾವನನ್ನು ಒಳಗೆ ಐಸ್ ಗಡ್ಡೆ ಎಳೆಯುವ ಕೆಲಸಕ್ಕೆ ಹಾಕಿದರು. ನನಗೆ ಪ್ರೆಸ್ಸಿನಲ್ಲಿ ರಾತ್ರಿ ಪಾಳಿ. ಹಗಲು ಬಿಡುವು. ಹಾಗಾಗಿ ಪ್ರತಿ ತಾರೀಖಿಗೂ ಭಾವನ ಜೊತೆ ಕೋರ್ಟಿಗೆ ಹೋಗುವವನು ನಾನೇ ಆದೆ.

ನಾವು ಅಂದುಕೊಂಡಿದ್ದೆವು, ಇದೇನು ದೊಡ್ಡ ವಿಷಯ, ಊರಿಗೆ ಊರೇ ಆಮೆ ಅಂತ ಕರೆಯುವ ಮನುಷ್ಯ, ನಾಲ್ಕು ಜನ ಬಂದು ಹೇಳಿದರೆ ಆಯಿತು. ವಕೀಲಮ್ಮನ ಕಚೇರಿಯಲ್ಲಿ ಮೊದಲ ದಿನವೇ ಆ ಭ್ರಮೆ ಹೋಯಿತು. ಔಷಧಿ ಅಂಗಡಿಯ ಮಹಡಿಯ ಮೇಲೆ ಸಣ್ಣ ಕೋಣೆ, ಮೇಜಿನ ಮೇಲೆ ಫೈಲುಗಳ ನಡುವೆ ಆಕೆಯ ತಿಂಡಿ ಡಬ್ಬಿ. ಆಕೆ ಡಬ್ಬಿ ಮುಚ್ಚಿ ಹೇಳಿದರು: "ದಿನಾ ನಿಧಾನಕ್ಕೆ ಹೋಗೋರು ಅವತ್ತೂ ನಿಧಾನಕ್ಕೇ ಹೋದ್ರು ಅನ್ನೋದಕ್ಕೆ ಏನು ಗ್ಯಾರಂಟಿ ಅಂತ ಕೇಳ್ತಾರೆ. ನಮಗೆ ಬೇಕಾಗಿರೋದು ಆ ಕ್ಷಣದ್ದು. ನೀವು ಎಷ್ಟು ಸ್ಪೀಡಲ್ಲಿದ್ರಿ?"

ಭಾವ ಅಂದರು, "ಮುಳ್ಳು ಕೆಟ್ಟಿತ್ತು ಮೇಡಂ."

"ಅಂದಾಜು?"

"ಯಾವಾಗ್ಲೂ ಹೋಗೋ ಹಾಗೇ."

"ಅದು ಎಷ್ಟು?"

ಭಾವನಿಗೆ ಗೊತ್ತಿರಲಿಲ್ಲ. ಅವರು ಯಾವತ್ತೂ ಅದನ್ನು ಒಂದು ಸಂಖ್ಯೆ ಅಂತ ಯೋಚಿಸಿದವರೇ ಅಲ್ಲ.

ವಕೀಲಮ್ಮ ಒಂದು ಕಾಗದ ಮುಂದೆ ತಳ್ಳಿದರು. ಪೊಲೀಸರು ಸ್ಥಳದಲ್ಲಿ ಮಾಡಿದ ಮಹಜರು. ರಸ್ತೆಯ ಮೇಲೆ ಚಕ್ರ ಉಜ್ಜಿದ ಎರಡು ಕಪ್ಪು ಗೆರೆ, ಇಪ್ಪತ್ತೆರಡು ಮೀಟರ್ ಉದ್ದ ಅಂತ ಅದರಲ್ಲಿತ್ತು. ಪೊಲೀಸಿನವರು ಟೇಪಿನ ಒಂದು ತುದಿ ಹಿಡಿದಿದ್ದರು, ಇನ್ನೊಂದು ತುದಿಯನ್ನು ಜ್ಯೂಸ್ ಅಂಗಡಿಯವನಿಗೆ ಕೊಟ್ಟಿದ್ದರು. "ಈ ಉದ್ದದಿಂದ ವೇಗ ಲೆಕ್ಕ ಹಾಕಿ ಸರ್ಕಾರದ ಕಡೆ ವಾಹನ ತಜ್ಞರು ವರದಿ ಕೊಟ್ಟಿದ್ದಾರೆ. ಗಂಟೆಗೆ ಅರವತ್ತೆರಡು. ಆ ಬೀದಿಗೆ ನಲವತ್ತರ ಮಿತಿ."

ಅರವತ್ತೆರಡು ಅಂದಾಗ ನಾನು ನಕ್ಕುಬಿಟ್ಟೆ. ಆ ಗಾಡಿ ಅರವತ್ತೆರಡು ಓಡಿದರೆ ಅದರ ಬಾಗಿಲು ಕಳಚಿ ಬೀಳುತ್ತದೆ ಅಂತ ನನ್ನ ನಂಬಿಕೆ. ಭಾವ ನಗಲಿಲ್ಲ. ಕಾಗದವನ್ನೇ ನೋಡುತ್ತಿದ್ದರು.

ಮೆಟ್ಟಿಲಿಳಿದು ಬರುವಾಗ ಅಂದರು, "ಹಿಂದಿನ ದಿನ ಮಾಲೀಕರು ಕರೆದು ಹೇಳಿದ್ರು. ಜ್ಯೂಸ್ ಅಂಗಡಿಯವನು ದೂರು ಕೊಟ್ಟಿದ್ದಾನೆ, ಐಸ್ ಅರ್ಧ ಕರಗೇ ಬರುತ್ತೆ ಅಂತ. ಆಮೆ ಅಂತ ಕರೆಸ್ಕೊಂಡು ಖುಷಿಪಡ್ಬೇಡ ಅಂದ್ರು."

"ಅದಕ್ಕೆ?"

"ಅದಕ್ಕೆ ಅವತ್ತು ಸ್ವಲ್ಪ ಜಾಸ್ತಿ ಒತ್ತಿದ್ನೇನೋ."

"ಒತ್ತಿದ್ರಾ?"

"ಒತ್ತಿದ್ನೇನೋ ಅಂದೆ. ಗೊತ್ತಿಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರೆ. ಕದಿಯದವನೂ ಮುಟ್ಟಿ ನೋಡಿಕೊಳ್ಳುತ್ತಾನೆ, ಅದನ್ನು ಯಾರೂ ಹೇಳುವುದಿಲ್ಲ. ಆ ದಿನದಿಂದ ಭಾವ ಹೆಗಲು ಮುಟ್ಟಿ ನೋಡಿಕೊಳ್ಳುವುದನ್ನು ನಿಲ್ಲಿಸಲಿಲ್ಲ.

ಕೋರ್ಟು ಹಳೆಯ ಕಟ್ಟಡ. ನಮ್ಮ ಕೇಸು ಕೆಳಗಿನ ಹಾಲಿನಲ್ಲಿ. ಹೊರಗೆ ಮಹಡಿ ಮೆಟ್ಟಿಲಿನ ಅಡಿಯಲ್ಲಿ ಒಂದೇ ಒಂದು ಬೆಂಚು. ಅದರ ಮೇಲೆ ಕೂತೇ ಕಾಯಬೇಕು. ಎರಡನೆಯ ತಾರೀಖಿಗೋ ಮೂರನೆಯದಕ್ಕೋ ಕನ್ನಡಕದಂಗಡಿಯವರ ಮಗಳು ಬಂದಳು. ನಲವತ್ತರ ಆಸುಪಾಸಿನ ಹೆಂಗಸು, ಶಾಲೆಯೊಂದರಲ್ಲಿ ಕಚೇರಿ ಕೆಲಸ. ತಂದೆಗೆ ಅವಳೊಬ್ಬಳೇ. ಅವಳಿಗೂ ಕೂರಲು ಬೇರೆ ಜಾಗವಿರಲಿಲ್ಲ. ಬೆಂಚಿನ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ಭಾವ, ನಡುವೆ ನಾನು ಗೋಡೆಯ ಹಾಗೆ. ತಾರೀಖಿನ ಮೇಲೆ ತಾರೀಖು ಬಿದ್ದಂತೆ ಒಬ್ಬರ ಮುಖ ಒಬ್ಬರಿಗೆ ರೂಢಿಯಾಯಿತು. ಒಂದು ದಿನ ಅವಳ ಕುಡಿಯುವ ನೀರಿನ ಬಾಟಲಿ ಉರುಳಿ ಭಾವನ ಕಾಲ ಬಳಿ ಬಂತು. ಅವರು ಎತ್ತಿ ನನ್ನ ಕೈಗೆ ಕೊಟ್ಟರು, ನಾನು ಅವಳ ಕೈಗೆ ಕೊಟ್ಟೆ.

ಅವತ್ತು ಅವಳು ಮೊದಲ ಸಲ ಮಾತಾಡಿದಳು. ನನ್ನನ್ನು ದಾಟಿ ಭಾವನ ಕಡೆಗೇ ಕೇಳಿದಳು. "ಅಪ್ಪ ಏನಾದ್ರೂ ಅಂದ್ರಾ?"

ಭಾವ ಎದ್ದು ನಿಂತರು. "ಅಂಗಡಿ ಬಾಗಿಲು ತೆಗೆದೇ ಇದೆ ಅಂದ್ರು ಅಮ್ಮ. ನಾನು ಷಟರ್ ಎಳೆದೆ."

"ನೀವೇನಾ ಎಳೆದಿದ್ದು? ಯಾರಿರಬಹುದು ಅಂತ ಯೋಚಿಸ್ತಿದ್ದೆ." ಅವಳು ಬಾಟಲಿಯನ್ನು ಚೀಲಕ್ಕೆ ಹಾಕಿದಳು. ಆಮೇಲೆ, "ಎಷ್ಟು ಜೋರಾಗಿ ಬರ್ತಿದ್ರಿ ನೀವು?" ಅಂದಳು. ಜಗಳದ ದನಿಯಲ್ಲ.

ಭಾವ ಉತ್ತರ ಕೊಡುವ ಮೊದಲು ವಕೀಲಮ್ಮ ಎಲ್ಲಿಂದಲೋ ಬಂದು, "ಅವರ ಜೊತೆ ಮಾತಾಡ್ಬೇಡಿ," ಅಂತ ತೋಳು ಹಿಡಿದು ಕರೆದುಕೊಂಡು ಹೋದರು.

ಸಾಕ್ಷಿ ವಿಚಾರಣೆ ಶುರುವಾಯಿತು. ಜ್ಯೂಸ್ ಅಂಗಡಿಯವನನ್ನು ಸರ್ಕಾರಿ ವಕೀಲರು ಕರೆದರು. ಅವನು ಕಟಕಟೆ ಹತ್ತಿ, "ಗಾಡಿ ಜೋರಾಗಿ ಬಂತು," ಅಂದ. ಪಾಟೀಸವಾಲಿಗೆ ವಕೀಲಮ್ಮ ಎದ್ದರು.

"ಜೋರು ಅಂದ್ರೆ ಶಬ್ದವೋ ವೇಗವೋ?"

"ಶಬ್ದ ಜೋರಾಗಿತ್ತು. ಬ್ರೇಕಿನದು. ಕಿರ್ ಅಂತ. ಅದನ್ನ ಕೇಳಿ ತಿರುಗಿ ನೋಡಿದೆ."

"ಅದಕ್ಕೂ ಮುಂಚೆ ಗಾಡಿ ನೋಡಿದ್ರಾ?"

"ಇಲ್ಲ, ಹಣ್ಣು ಹೆಚ್ತಿದ್ದೆ." ಅವನು ಭಾವನ ಕಡೆ ನೋಡಿ ತಾನಾಗಿಯೇ ಸೇರಿಸಿದ, "ಇವರು ಆಮೆ ಸ್ವಾಮಿ. ನಾನೇ ದೂರು ಕೊಟ್ಟಿದ್ದೆ ಲೇಟಾಗಿ ಬರ್ತಾರೆ ಅಂತ."

ನ್ಯಾಯಾಧೀಶರು, "ಅದನ್ನ ಬಿಡಿ. ಕೇಳಿದ್ದಕ್ಕಷ್ಟೇ ಉತ್ತರ ಹೇಳಿ," ಅಂದರು. ಆಮೆ ಅನ್ನುವುದು ಅಲ್ಲಿಗೆ ಮುಗಿಯಿತು.

ಮುಳ್ಳಿನ ವಿಷಯವೂ ಬಂತು. ಭಾವನ ತಮಾಷೆಯ ಮಾತನ್ನು ಯಾರೋ ಪೊಲೀಸರಿಗೆ ಮುಂಚೆಯೇ ಹೇಳಿದ್ದರು. ಸರ್ಕಾರಿ ವಕೀಲರು ಅದನ್ನು ಒಂದು ನಗೆಯೂ ಇಲ್ಲದೆ ಓದಿದರು. "ಸ್ಪೀಡ್ ಮುಳ್ಳು ತನಗೆ ಬೇಕಿಲ್ಲ ಎಂದು ಆರೋಪಿ ಹಲವರ ಮುಂದೆ ಹೇಳಿಕೊಂಡಿದ್ದಾನೆ." ಮನೆಯಲ್ಲಿ ನಗುತ್ತಾ ಆಡಿದ ಮಾತು ಆ ಹಾಲಿನಲ್ಲಿ ಹೇಗೆ ಕೇಳಿಸಿತು ಅಂದರೆ, ನನಗೇ ಒಂದು ಕ್ಷಣ ಭಾವ ಎಂಥ ಉಡಾಫೆ ಮನುಷ್ಯ ಅನ್ನಿಸಿತು.

ಆಮೇಲೆ ವಾಹನ ತಜ್ಞರು ಬಂದರು. ತೆಳ್ಳಗೆ, ಮೆದುಮಾತಿನವರು. ಮೇಷ್ಟ್ರು ಪಾಠ ಹೇಳುವ ಹಾಗೆ ಬಿಡಿಸಿ ಹೇಳಿದರು. ಚಕ್ರ ಬಿಗಿದುಕೊಂಡು ರಸ್ತೆಗೆ ಉಜ್ಜುತ್ತಾ ಎಷ್ಟು ದೂರ ಹೋಗಿದೆ ಅನ್ನುವುದು ಗೊತ್ತಾದರೆ, ರಸ್ತೆ ಎಷ್ಟು ಹಿಡಿಯುತ್ತೆ ಅನ್ನುವುದು ಗೊತ್ತಾದರೆ, ಬ್ರೇಕ್ ಹಾಕುವಾಗ ಇದ್ದ ವೇಗ ಹೇಳಬಹುದು. ಒಣ ಡಾಂಬರು ಅಂತ ಹಿಡಿದು ತಾವು ಲೆಕ್ಕ ಹಾಕಿದ್ದಾಗಿ ಹೇಳಿದರು. "ಇನ್ನೂ ಒಂದು ಮಾತು," ಅಂದರು. "ಅಪಾಯ ಕಣ್ಣಿಗೆ ಬಿದ್ದದ್ದು ಕಾಲಿಗೆ ತಲುಪೋಕೆ ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು. ಅಷ್ಟು ಹೊತ್ತು ಗಾಡಿ ಮೊದಲಿನ ವೇಗದಲ್ಲೇ ಹೋಗ್ತಿರುತ್ತೆ. ಆ ದೂರಕ್ಕೆ ಗೆರೆ ಬೀಳೋದಿಲ್ಲ."

ಭಾವ ಆ ಮಾತನ್ನು ಎಷ್ಟು ಗಮನವಿಟ್ಟು ಕೇಳಿದರು ಅಂದರೆ, ನ್ಯಾಯಾಧೀಶರೂ ಒಮ್ಮೆ ಅವರ ಕಡೆ ನೋಡಿದರು.

ಮನೆಗೆ ಬರುವ ಬಸ್ಸಿನಲ್ಲಿ ಅವರಿಗೆ ಅದೇ ಯೋಚನೆ. "ಗೆರೆ ಬೀಳೋಕೆ ಮುಂಚೆ ಒಂದು ತುಂಡು ರಸ್ತೆ ಇದೆ ನೋಡು. ಅಲ್ಲಿ ನಾನು ಏನು ಮಾಡ್ತಿದ್ದೆ? ಮುಂದೆ ನೋಡ್ತಿದ್ನಾ? ಮಾಲೀಕರು ಅಂದ ಮಾತು ಯೋಚಿಸ್ತಿದ್ನಾ? ಎಷ್ಟು ತಲೆ ಕೆರ್ಕೊಂಡ್ರೂ ಅಲ್ಲಿ ಏನೂ ಇಲ್ಲ. ಲಾರಿ ಕಾಣುತ್ತೆ, ಆಮೇಲೆ ಅವರು ಕಾಣ್ತಾರೆ. ಮಧ್ಯ ಖಾಲಿ."

ತಜ್ಞರ ಪಾಟೀಸವಾಲು ಮುಂದಿನ ತಾರೀಖಿಗೆ ಹೋಗಿತ್ತು. ಭಾವನ ತಲೆಗೆ ಒಂದು ವಿಷಯ ಹೊಳೆದು, ಮರುದಿನವೇ ನಾವು ವಕೀಲಮ್ಮನ ಕಚೇರಿಗೆ ಹೋದೆವು. "ಮೇಡಂ, ಏರು ಹತ್ತುವಾಗ ನನ್ನ ಗಾಡಿಯಿಂದ ಐಸ್ ನೀರು ಸುರೀತಾ ಇತ್ತು. ಅದೇ ರಸ್ತೇಲಿ ವಾಪಸ್ ಬಂದೆ. ರಸ್ತೆ ಒದ್ದೆ ಇದ್ದಿದ್ರೆ ಲೆಕ್ಕ ಬೇರೆ ಆಗುತ್ತಲ್ವಾ? ಅದನ್ನ ಕೇಳಿ."

ವಕೀಲಮ್ಮ ಮೇಜಿನ ಖಾನೆಯಿಂದ ಒಂದು ಚೀಟಿ ತೆಗೆದರು. "ನಾನೂ ಒಬ್ಬ ಎಂಜಿನಿಯರ್ ಹತ್ರ ಕೇಳಿಸಿದ್ದೀನಿ. ಒದ್ದೆ ಇದ್ರೆ ನಲವತ್ತೇಳು. ಇಳಿಜಾರೂ ಸೇರಿಸಿದ್ರೆ ನಲವತ್ನಾಲ್ಕು. ಅರವತ್ತೆರಡು ಎಲ್ಲಿ, ಇದೆಲ್ಲಿ. ಆದ್ರೆ ಎಷ್ಟು ಇಳಿಸಿದ್ರೂ ನಲವತ್ತರ ಮೇಲೇ ನಿಲ್ಲುತ್ತೆ. ನಾನು ಆ ಪ್ರಶ್ನೆ ಕೇಳಿದ್ರೆ, ಗೆರೆ ನಮ್ಮದೇ ಅಂತ ಒಪ್ಕೊಂಡ ಹಾಗಾಗುತ್ತೆ, ಮಿತಿ ಮೀರಿದ್ದೂ ಒಪ್ಕೊಂಡ ಹಾಗಾಗುತ್ತೆ. ನಾನು ವೇಗದ ತಂಟೆಗೇ ಹೋಗಲ್ಲ. ಗೆರೆ ನಿಮ್ಮದಲ್ಲ ಅಂತೀನಿ."

"ಗೆರೆ ನಂದೇ ಅಲ್ವಾ ಮೇಡಂ?"

"ನೀವು ನೋಡಿದ್ರಾ?"

ಭಾವ ನೋಡಿರಲಿಲ್ಲ. ಅವರು ಆ ಹೊತ್ತಿನಲ್ಲಿ ನೆಲದ ಮೇಲೆ ಮಂಡಿಯೂರಿ ಕೂತಿದ್ದರು.

"ಮತ್ತೆ? ಅವತ್ತೇ ಅಳೆದಿಲ್ಲ ಅವರು. ಮಾರನೇ ದಿನ ಸಾವಿನ ಸುದ್ದಿ ಬಂದ ಮೇಲೆ ಹೋಗಿ ಅಳೆದಿದ್ದಾರೆ. ಒಂದಿಡೀ ರಾತ್ರಿ ಆ ಬೀದೀಲಿ ಲಾರಿ ಓಡಾಡಿದೆ. ಅಷ್ಟು ಸಾಕು ನಮಗೆ."

"ಒಂದೇ ಪ್ರಶ್ನೆ ಮೇಡಂ. ಕೇಳಿದ್ರೆ ಅವರು ಏನಂತಾರೆ ಅಂತ ನನಗೂ ಗೊತ್ತಾಗುತ್ತೆ."

"ಕೋರ್ಟಿರೋದು ನಿಮಗೆ ಗೊತ್ತಾಗೋಕಲ್ಲ," ಅಂದರು ವಕೀಲಮ್ಮ. ಒರಟಾಗಿ ಅಲ್ಲ. ಸುಸ್ತಾಗಿದ್ದರು. "ನಿಮಗೆ ಜೈಲಾಗಬಾರದು, ಅಷ್ಟಕ್ಕೇ ನಾನು ಇರೋದು."

ಅಕ್ಕನೂ ಅದನ್ನೇ ಹೇಳಿದಳು. "ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೊಳ್ಳಿ ದಮ್ಮಯ್ಯ. ನಿಮಗೇನು, ಸತ್ಯ ಗೊತ್ತಾದ್ರೆ ಸಾಕು. ಜೈಲಿಗೆ ಊಟ ಹೊರೋಳು ನಾನು." ಅಂದವಳೇ ಒಲೆಯ ಮುಂದೆ ಹೋಗಿ ಬೆನ್ನು ತಿರುಗಿಸಿ ನಿಂತಳು.

ವಕೀಲಮ್ಮ ಹೇಳಿದಂತೆಯೇ ಆಯಿತು. ತಜ್ಞರಿಗೆ ಆಕೆ ಕೇಳಿದ್ದು ಒಂದೇ. ಗೆರೆಯನ್ನು ನೀವು ಕಣ್ಣಾರೆ ನೋಡಿದಿರಾ? ಅವರು ಪ್ರಾಮಾಣಿಕ ಮನುಷ್ಯ, ಇಲ್ಲ, ಪೊಲೀಸರು ಕೊಟ್ಟ ಅಳತೆಯ ಮೇಲೆ ಲೆಕ್ಕ ಹಾಕಿದೆ ಅಂದರು. ಜ್ಯೂಸ್ ಅಂಗಡಿಯವನನ್ನು ಮತ್ತೆ ಕರೆಸಿದಾಗ ಅವನು, ರಸ್ತೆ ಮೇಲೆ ಒಂದಲ್ಲ ನಾಲ್ಕಾರು ಗೆರೆ ಇದ್ದವು, ಪೊಲೀಸಿನವರು ಯಾವುದರ ಮೇಲೆ ಕಾಲಿಟ್ಟು ನಿಂತರೋ ಅಲ್ಲಿಗೆ ಟೇಪು ಹಿಡಿದೆ ಅಂದ. ಸರ್ಕಾರಿ ವಕೀಲರು ತಮ್ಮ ಫೈಲನ್ನು ಮೆಲ್ಲಗೆ ಮುಚ್ಚಿದ್ದು ನನಗೆ ಕಾಣಿಸಿತು.

ತೀರ್ಪಿನ ದಿನ ಅಕ್ಕನೂ ಬಂದಿದ್ದಳು. ಅಳತೆ ಮಾಡಿದ ಗೆರೆಗಳು ಆರೋಪಿಯ ವಾಹನದ್ದೇ ಎಂದು ಸಂಶಯಕ್ಕೆಡೆಯಿಲ್ಲದಂತೆ ಸಾಬೀತಾಗಿಲ್ಲ, ಆದ್ದರಿಂದ ವೇಗವೂ ಸಾಬೀತಾಗಿಲ್ಲ, ಸಂಶಯದ ಲಾಭ ಕೊಟ್ಟು ಬಿಡುಗಡೆ ಅಂತ ನ್ಯಾಯಾಧೀಶರು ಓದಿದರು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಭಾವನ ಬೆನ್ನು ತಟ್ಟಿದೆ. ಭಾವ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು, "ಅಂದ್ರೆ ನಾನು ಜೋರಾಗಿ ಬರ್ತಿರಲಿಲ್ಲ ಅಂತಾನಾ?"

"ಸಾಬೀತಾಗಿಲ್ಲ ಅಂತ."

"ಅದೇ. ಅದು ಬೇರೆ ಅಲ್ವಾ?"

ಹೊರಗೆ ಮೆಟ್ಟಿಲಿನ ಅಡಿಯಲ್ಲಿ ಕನ್ನಡಕದಂಗಡಿಯವರ ಮಗಳು ನಿಂತಿದ್ದಳು. ವಕೀಲಮ್ಮ ಈಗ ತಡೆಯಲಿಲ್ಲ, ಅವರ ಕೆಲಸ ಮುಗಿದಿತ್ತು. "ಈಗ ಕೇಸು ಮುಗೀತಲ್ಲ," ಅಂದಳು ಅವಳು. "ಈಗಲಾದ್ರೂ ಹೇಳಿ. ನಾನು ಯಾರಿಗೂ ಹೇಳಲ್ಲ. ಅಪ್ಪ ನೋಡ್ದೆ ದಾಟಿದ್ರಾ, ಇಲ್ಲ ನೀವು ಜೋರಾಗಿ ಬಂದ್ರಾ? ನನಗೆ ಅಷ್ಟು ಗೊತ್ತಾದ್ರೆ ಸಾಕು."

ಭಾವನ ತುಟಿ ಅಲುಗಿತು. ಅಕ್ಕ ಅವರ ಕೈ ಹಿಡಿದು ಎಳೆದಳು. "ನಡೀರಿ ಮನೆಗೆ." ಅವಳನ್ನು ಅಲ್ಲಿಯೇ ಬಿಟ್ಟು ನಾವು ಹೊರಟುಬಂದೆವು.

ಇಷ್ಟಕ್ಕೆ ಮುಗಿದಿದ್ದರೆ ನಾನು ಇದನ್ನು ಹೇಳುತ್ತಿರಲಿಲ್ಲ. ಲೈಸೆನ್ಸ್ ವಾಪಸು ಬಂತು. ಮಾಲೀಕರು, "ಗಾಡಿ ಹತ್ತು," ಅಂದರು. ಭಾವ ಒಪ್ಪಲಿಲ್ಲ. ಬದಲಿಗೆ ಒಂದು ಭಾನುವಾರ ಗಾಡಿಯನ್ನು ಎರವಲು ಕೇಳಿದರು. ಅಷ್ಟರಲ್ಲಿ ಮಾಲೀಕರು ಹೊಸ ಸ್ಪೀಡ್ ಮುಳ್ಳು ಹಾಕಿಸಿದ್ದರು. "ಬಾ, ಕೆಲಸ ಇದೆ," ಅಂತ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಕಾಲಡಿಯಲ್ಲಿ ಒಂದು ಅಳತೆ ಟೇಪು ಇತ್ತು.

ಮೊದಲು ಮಾರುಕಟ್ಟೆ ಬೀದಿಗೇ ಹೋದೆವು. ಅಲ್ಲಿ ಡಾಂಬರೇ ಇರಲಿಲ್ಲ. ಕೇಸು ನಡೆಯುವಷ್ಟು ಕಾಲದಲ್ಲಿ ಬೀದಿಯನ್ನು ಅಗೆದು ಕಾಂಕ್ರೀಟು ಹಾಕಿದ್ದರು. ಭಾವ ಗಾಡಿ ಒಂದು ಪಕ್ಕ ನಿಲ್ಲಿಸಿ ಆ ಬಿಳಿ ರಸ್ತೆಯನ್ನು ಸುಮ್ಮನೆ ನೋಡಿದರು. ಕನ್ನಡಕದ ಅಂಗಡಿಯ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಬಂದಿತ್ತು.

ಊರಾಚೆ ಒಂದು ಮುಚ್ಚಿದ ಗಿರಣಿ ಇದೆ. ಅದರ ಒಳರಸ್ತೆ ಡಾಂಬರಿನದು, ಜನಸಂಚಾರವಿಲ್ಲ. ಅಲ್ಲಿಗೆ ಹೋದೆವು. "ನೀನು ಮುಳ್ಳು ನೋಡ್ತಿರು. ಬರೀ ನಲವತ್ತಕ್ಕೆ ಬಂದಾಗ ಹೇಳು. ನಾನು ಅವತ್ತಿನ ಹಾಗೇ ಬ್ರೇಕ್ ತುಳೀತೀನಿ. ಗೆರೆ ಅಳೆಯೋಣ. ಇಪ್ಪತ್ತೆರಡು ಬಂತೋ ಬರಲಿಲ್ವೋ ನೋಡೋಣ."

ನಾನು "ನಲವತ್ತು" ಅಂದೆ. ಭಾವ ಬ್ರೇಕ್ ತುಳಿದರು. ಗಾಡಿ ಮೆತ್ತಗೆ ನಿಂತಿತು. ಗೆರೆಯೇ ಬಿದ್ದಿರಲಿಲ್ಲ.

"ಇನ್ನೂ ಜೋರಾಗಿ ತುಳೀಬೇಕು ಭಾವ."

"ಗೊತ್ತು. ಕಾಲು ಹೋಗ್ತಿಲ್ಲ."

ಮತ್ತೆ ಮತ್ತೆ ಮಾಡಿದೆವು. ಒಂದು ಸಲ ಚಿಕ್ಕ ಗೆರೆ ಬಿತ್ತು, ಇನ್ನೊಂದು ಸಲ ಒಂದೇ ಚಕ್ರದ್ದು. ಕೊಡದಲ್ಲಿ ನೀರು ತಂದು ರಸ್ತೆಗೆ ಸುರಿದು ನೋಡಿದೆವು, ಆಗ ಗೆರೆ ಕಾಣಿಸಲೇ ಇಲ್ಲ. ಭಾವ ಮಂಡಿಯೂರಿ ನೆಲಕ್ಕೆ ಕಣ್ಣು ಹಚ್ಚಿ ಹುಡುಕಿದರು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ ಆಯಿತು. ಟೈರು ಆಗಿನದಲ್ಲ, ರಸ್ತೆ ಅದಲ್ಲ, ಐಸಿನ ಭಾರ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಎದುರಿಗೆ ಮನುಷ್ಯನಿಲ್ಲ. ನಾನು ಅದನ್ನು ಬಾಯಿಬಿಟ್ಟು ಹೇಳಿದೆ. "ಭಾವ, ಯಾರೂ ಇಲ್ಲದೆ ಯಾರ ಕಾಲೂ ಹಾಗೆ ತುಳಿಯೋಲ್ಲ."

"ಹಾಗಾದ್ರೆ ಗೊತ್ತಾಗೋದು ಹೇಗೆ?"

ಟೇಪು ಸುತ್ತಿಕೊಂಡು ಗಾಡಿ ವಾಪಸು ಕೊಟ್ಟು ಬಂದೆವು. ಅದೇ ಕೊನೆ, ಆಮೇಲೆ ಅವರು ಸ್ಟೇರಿಂಗ್ ಮುಟ್ಟಿಲ್ಲ.

ಈ ನಡುವೆ ಅದೇ ಕೋರ್ಟು ಕಟ್ಟಡದ ಮಹಡಿಯ ಮೇಲೆ ಇನ್ನೊಂದು ಕೇಸು ನಡೆಯುತ್ತಿತ್ತು. ಕನ್ನಡಕದಂಗಡಿಯವರ ಮಗಳು ಪರಿಹಾರಕ್ಕೆ ಹಾಕಿದ್ದು. ಕೊಡಬೇಕಾದ್ದು ವಿಮೆಯವರು, ಭಾವ ಸುಮ್ಮನೆ ಹೆಸರಿಗೆ. ಒಂದು ದಿನ ಸಾಕ್ಷಿ ಹೇಳಲು ಕರೆದರು. ವಿಮೆಯ ವಕೀಲರು, "ಅವರು ಲಾರಿ ಮರೆಯಿಂದ ಇದ್ದಕ್ಕಿದ್ದ ಹಾಗೆ ಬಂದ್ರು ಅಲ್ವಾ?" ಅಂತ ಕೇಳಿದರು. ಭಾವ ಹೌದು ಅಂದರು. ಅದು ನಿಜವೇ. ಮೂಲೆಯಲ್ಲಿ ಕೂತಿದ್ದ ಅವಳು ತಲೆ ತಗ್ಗಿಸಿದಳು. ನಿಜ ಹೇಳಿಯೂ ಸುಳ್ಳು ಹೇಳಿದ ಹಾಗಾಯಿತು ಅಂತ ಭಾವ ಆಮೇಲೆ ನನ್ನ ಹತ್ತಿರ ಹೇಳಿಕೊಂಡರು.

ಮಹಡಿಯ ಮೇಲಿನ ತೀರ್ಪು ಬಂತು. ಅದೇ ಮಹಜರು, ಅದೇ ಇಪ್ಪತ್ತೆರಡು ಮೀಟರ್, ಅದೇ ತಜ್ಞರ ವರದಿ. ಇಲ್ಲಿ ಅಷ್ಟು ಬಿಗಿಯಾದ ಪುರಾವೆ ಬೇಕಿಲ್ಲ, ಯಾವುದು ಹೆಚ್ಚು ಸಂಭವ ಅಂತ ನೋಡಿದರೆ ಸಾಕು. ಚಾಲಕ ಮಿತಿ ಮೀರಿದ ವೇಗದಲ್ಲಿದ್ದನೆಂದು ಕಾಣುತ್ತದೆ, ತಪ್ಪು ಅವನದೇ ಅಂತ ಬರೆದರು. ವಿಮೆಯವರು ಹಣ ಕೊಟ್ಟರು. ವಕೀಲಮ್ಮ ಫೋನಿನಲ್ಲಿ, "ತಲೆ ಕೆಡಿಸ್ಕೋಬೇಡಿ, ಇದರಿಂದ ನಿಮಗೇನೂ ತೊಂದರೆ ಇಲ್ಲ," ಅಂದರು.

ಭಾವ ಫೋನ್ ಇಟ್ಟು ನನ್ನ ಮುಖ ನೋಡಿದರು. "ಕೆಳಗಿನವರು ಇಲ್ಲ ಅಂದ್ರು, ಮೇಲಿನವರು ಹೌದು ಅಂದ್ರು. ಇನ್ನು ಯಾರನ್ನ ಕೇಳೋಣ?"

ಕೇಳಲು ಯಾರೂ ಉಳಿದಿರಲಿಲ್ಲ. ಹೇಳಬೇಕಾದವಳು ಒಬ್ಬಳಿದ್ದಳು. ಅಕ್ಕನಿಗೆ ತಿಳಿಸದೆ ಭಾವ ನನ್ನನ್ನು ಕರೆದುಕೊಂಡು ಅವಳ ಮನೆಗೆ ಹೋದರು. ಎರಡನೇ ಮಹಡಿಯ ಪುಟ್ಟ ಮನೆ. ಅರ್ಧ ಸಾಮಾನು ಪೆಟ್ಟಿಗೆಗಳಲ್ಲಿತ್ತು. ಬೇರೆ ಊರಿಗೆ ವರ್ಗ ಕೇಳಿ ತೆಗೆದುಕೊಂಡಿದ್ದಳಂತೆ. ನಮ್ಮನ್ನು ನೋಡಿ ಅವಳಿಗೆ ಆಶ್ಚರ್ಯವೇನೂ ಆದ ಹಾಗೆ ಕಾಣಲಿಲ್ಲ. ಒಳಗೆ ಕರೆದು, ಕುರ್ಚಿಯ ಮೇಲಿದ್ದ ಪಾತ್ರೆಗಳನ್ನು ಎತ್ತಿ ಕೂರಲು ಹೇಳಿದಳು. ಭಾವ ಕೂರಲಿಲ್ಲ.

"ಅಮ್ಮ, ನೀವು ಎರಡು ಸಲ ಕೇಳಿದ್ರಿ. ನಾನು ಉತ್ತರ ಕೊಡದೆ ಹೋದೆ. ವಕೀಲರು ಬೇಡ ಅಂದ್ರು ಅಂತಲ್ಲ. ನನಗೆ ನಿಜವಾಗ್ಲೂ ಗೊತ್ತಿಲ್ಲ. ಎಷ್ಟೋ ಪ್ರಯತ್ನ ಮಾಡಿದೆ. ನಲವತ್ನಾಲ್ಕು ಇದ್ದಿರಬಹುದು, ಕಡಿಮೆ ಇದ್ದಿರಬಹುದು, ಜಾಸ್ತೀನೂ ಇದ್ದಿರಬಹುದು. ನನಗೆ ಗೊತ್ತಿಲ್ಲ."

ಅವಳು ಪಾತ್ರೆಗಳನ್ನು ಹಿಡಿದುಕೊಂಡೇ ನಿಂತಿದ್ದಳು. "ಗೊತ್ತಿಲ್ಲ ಅಂತ ಹೇಳೋಕೆ ಇಷ್ಟು ದೂರ ಬಂದ್ರಾ?"

"ಹೌದು."

"ಅರವತ್ತು ಅಂತಾದ್ರೂ ಹೇಳಿಬಿಡಬಹುದಿತ್ತು ನೀವು. ಬೈಕೊಂಡಾದ್ರೂ ಇರ್ತಿದ್ದೆ. ಇಲ್ಲ ಇಪ್ಪತ್ತು ಅಂದಿದ್ರೆ ಅಪ್ಪನ್ನ ಬೈಕೊಳ್ತಿದ್ದೆ. ಈಗ ಯಾರನ್ನ ಬೈಲಿ?"

ಅವಳು ಪಾತ್ರೆಗಳನ್ನು ಪೆಟ್ಟಿಗೆಯಲ್ಲಿಟ್ಟು ಮುಖ ಒರೆಸಿಕೊಂಡು, "ಟೀ ಮಾಡೋಕೆ ಸ್ಟವ್ ಕೂಡ ಕಟ್ಟಿಟ್ಟಿದ್ದೀನಿ," ಅಂದಳು. ನಾವು ಬರ್ತೀವಿ ಅಂತ ಹೇಳಿ ಹೊರಟೆವು. ಬಾಗಿಲವರೆಗೆ ಬಂದು, ಮೆಟ್ಟಿಲಿನ ದೀಪ ಕೆಟ್ಟಿದೆ, ನೋಡಿಕೊಂಡು ಇಳಿಯಿರಿ ಅಂತ ಅಷ್ಟೇ ಹೇಳಿದಳು.

ಭಾವ ಈಗಲೂ ಐಸ್ ಕಾರ್ಖಾನೆಯಲ್ಲೇ ಇದ್ದಾರೆ. ಕೈಬೆರಳುಗಳು ಚಳಿಗೆ ಒಡೆದು ಒರಟಾಗಿವೆ. ಹುಷಾರಾಗಿದ್ದಾರೆ, ಆಗಾಗ ನಗುತ್ತಾರೆ ಕೂಡ. ಮನೆಯಲ್ಲಿ ಆ ವಿಷಯವನ್ನು ಯಾರೂ ಎತ್ತುವುದಿಲ್ಲ. ಮೊನ್ನೆ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಏನೋ ಮಾತು ನಡೆದಿತ್ತು, ಬಾಡಿಗೆದಾರರ ವಿಷಯವೋ ನಲ್ಲಿ ನೀರಿನದೋ. ಭಾವ ತಟ್ಟೆ ನೋಡುತ್ತಾ ಇದ್ದಕ್ಕಿದ್ದಂತೆ, "ನಲವತ್ತೈದು ಇದ್ದಿರಬೇಕು," ಅಂದರು.

ಅಕ್ಕ ಸೌಟು ಎತ್ತಿ, "ಇನ್ನೂ ಸ್ವಲ್ಪ ಹಾಕ್ಲಾ?" ಅಂತ ಕೇಳಿದಳು.

ಭಾವ ತಟ್ಟೆ ಮುಂದೆ ಹಿಡಿದರು.